ಕುರುಗೋಡಿನ ಕುಲುಮೆಯಲ್ಲಿ ಇದ್ದಿಲು ಲಾರಿಗೆ ಬಳೆ ತೊಡಿಸಿದ್ದು

ಲಾರಿ ಇದ್ದಿಲು ತಿಂದು ಓಡುತ್ತದೆ ಎಂದು ನಮ್ಮ ಮನೆಯವರು ಮೊದಲ ಸಲ ಹೇಳಿದಾಗ ನಾನು ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದೆ. ತಲೆ ಎತ್ತಿ ಅವರ ಮುಖ ನೋಡಿದೆ. ಮನೆಯಲ್ಲಿ ಕೂತು ಕೂತು ಇವರ ಬುದ್ಧಿ ಮಂಕಾಯಿತೇನೋ ಅನ್ನಿಸಿತು. "ಹಂಗಾದ್ರ ಈ ಒಲಿ ಮ್ಯಾಲ ಕೂತು ನಾನೂ ಬಳ್ಳಾರಿಗೆ ಹೋಗಿ ಬರ್ತೀನಿ ತಗೋರಿ" ಎಂದೆ. ಅವರು ನಗಲಿಲ್ಲ. ಅವರು ನಕ್ಕು ಆಗಲೇ ಬಹಳ ದಿನವಾಗಿತ್ತು.

ಅದು ದೊಡ್ಡ ಯುದ್ಧದ ಕಾಲ. ನಾವಿದ್ದದ್ದು ಸಿರುಗುಪ್ಪದಲ್ಲಿ. ನಮ್ಮ ಮನೆಯವರದು ಒಂದು ಹಳೆಯ ಪೆಟ್ರೋಲ್ ಲಾರಿ. ಸಿರುಗುಪ್ಪದ ಭತ್ತವನ್ನು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೊಡೆಯುವುದು, ಬರುವಾಗ ಉಪ್ಪು, ಬೆಲ್ಲ, ಬಟ್ಟೆಯ ಗಂಟು ತುಂಬಿಕೊಂಡು ಬರುವುದು, ಇದೇ ಅವರ ಜೀವನ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಕೂಪನ್ನು ಬಂತು. ಆಮೇಲೆ ಕೂಪನ್ನು ಕೈಯಲ್ಲಿದ್ದರೂ ಪೆಟ್ರೋಲ್ ಸಿಗದಂತಾಯಿತು. ಲಾರಿ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಅದರ ಬಾನೆಟ್ಟಿನ ಮೇಲೆ ಓಣಿಯ ಕೋಳಿಗಳು ಕೂಡತೊಡಗಿದವು. ಇವರು ದಿನಾ ಬೆಳಿಗ್ಗೆ ಎದ್ದು ಲಾರಿ ಒರೆಸಿ, ಸೀಟಿನ ಮೇಲೆ ಹತ್ತಿ, ಸ್ಟೇರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತು ಇಳಿದು ಬರುತ್ತಿದ್ದರು. "ಏನಣ್ಣಾ, ಇವತ್ತು ಯಾ ಊರಿಗೆ ಟ್ರಿಪ್ಪು?" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಂಥವರಿಗೆ ಬಾಗಿಲಲ್ಲಿ ನಿಂತೇ ಮಂಗಳಾರತಿ ಮಾಡಿ ಕಳಿಸುತ್ತಿದ್ದೆ. ಆದರೆ ಇವರು ಒಳಗೊಳಗೇ ಕುಗ್ಗಿಹೋದರು.

ಆ ಹೊತ್ತಿಗೆ ಬಳ್ಳಾರಿಯ ದಂಡಿನ ಬಯಲಿನಲ್ಲಿ ಮಿಲಿಟರಿ ಭರ್ತಿ ನಡೆದಿತ್ತು. ಲಾರಿ ನಡೆಸಲು ಬಲ್ಲವನು ಅಂದರೆ ಸಾಕು, ಎರಡು ಮಾತಿಲ್ಲದೆ ಸೇರಿಸಿಕೊಳ್ಳುತ್ತಿದ್ದರು. ಹೋದವರು ಎಲ್ಲಿಗೆ ಹೋದರು, ಯಾವ ಸಮುದ್ರ ದಾಟಿದರು ಎಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಇವರು ಆ ದಿನ ರೊಟ್ಟಿ ಮುರಿಯುತ್ತ ಶಾಂತವಾಗಿ ಹೇಳಿದರು. "ಬರೋ ಸೋಮವಾರದೊಳಗ ಈ ಇದ್ದಿಲು ಗ್ಯಾಸು ಹತ್ತಿದ್ರ ಹತ್ತಿತು. ಇಲ್ಲಂದ್ರ ನಾ ಭರ್ತಿ ಆಗಾಕ ಹೋಗಾಂವ. ಲಾರಿ ನಡಸದ ನಾ ಇರಾಕ ಆಗಂಗಿಲ್ಲ." ಇವರು ಸಿಟ್ಟಿನಲ್ಲಿ ಆಡಿದ ಮಾತನ್ನು ಮರೆಯುತ್ತಾರೆ, ಶಾಂತವಾಗಿ ಆಡಿದ ಮಾತನ್ನು ಬಿಡುವವರಲ್ಲ.

ಇದ್ದಿಲು ಗ್ಯಾಸು ಅಂದರೆ ಇಷ್ಟು. ಆಳೆತ್ತರದ ಒಂದು ತಗಡಿನ ಪೀಪಾಯಿ. ಅದರೊಳಗೆ ಇದ್ದಿಲು ತುಂಬಿ, ಕೆಳಗೆ ಕೆಂಡ ಮಾಡಿ, ಗಾಳಿ ಕಡಿಮೆ ಬಿಟ್ಟರೆ ಇದ್ದಿಲು ಪೂರ್ತಿ ಉರಿಯದೆ ಒಂದು ಥರದ ಹಬೆ ಹೊರಡುತ್ತದೆ. ಆ ಹಬೆಯನ್ನು ಕೊಳವೆಯಲ್ಲಿ ಹಾಯಿಸಿ, ಬೂದಿ ಸೋಸಿ, ತಣಿಸಿ ಇಂಜಿನ್ನಿಗೆ ಕೊಟ್ಟರೆ ಅದು ಪೆಟ್ರೋಲಿನ ಬದಲು ಇದನ್ನೇ ಕುಡಿದು ಓಡುತ್ತದೆ. ಬಳ್ಳಾರಿಯ ಒಂದು ವರ್ಕ್‌ಶಾಪಿನಿಂದ ಇವರು ಪೀಪಾಯಿ, ಕೊಳವೆ ಎಲ್ಲ ತಂದಿದ್ದರು. ಆದರೆ ಅದು ಬೇರೆ ಜಾತಿಯ ಲಾರಿಗೆಂದು ಮಾಡಿದ್ದು. ಪೀಪಾಯಿಯನ್ನು ಲಾರಿಗೆ ಹಿಡಿದು ನಿಲ್ಲಿಸುವ ಕಬ್ಬಿಣದ ಬ್ರಾಕೆಟ್ಟುಗಳು ನಮ್ಮ ಲಾರಿಯ ಅಡಿಚೌಕಟ್ಟಾದ ಚಾಸಿಗೆ ಎಲ್ಲಿಯೂ ಕೂಡುತ್ತಿರಲಿಲ್ಲ. ಹೊಸದು ಮಾಡಿಕೊಡಿ ಅಂದರೆ, ಮಿಲಿಟರಿ ಕೆಲಸ ತಲೆಯ ಮೇಲಿದೆ, ಉಗಾದಿ ಆದ ಮೇಲೆ ಬನ್ನಿ ಅಂದರಂತೆ. ಉಗಾದಿಯ ತನಕ ಇವರು ನಿಲ್ಲುತ್ತಾರೆಯೇ?

ಆಗ ನನಗೆ ನೆನಪಾದದ್ದು ನನ್ನ ತವರೂರು ಕುರುಗೋಡಿನ ಕಮ್ಮಾರ. ನಮ್ಮ ಮನೆಯ ಎದುರಿಗೇ ಅವನ ಕುಲುಮೆ. ಜಾತಿ ಬೇರೆಯಾದರೂ ಚಿಕ್ಕಂದಿನಿಂದ ಅವನನ್ನು ಮಾವ, ಅವನ ಹೆಂಡತಿಯನ್ನು ಅತ್ತೆ ಎಂದೇ ಕರೆದು ಬೆಳೆದವಳು ನಾನು. ಸುತ್ತಿನ ಹಳ್ಳಿಗಳ ಬಂಡಿ ಗಾಲಿಗೆಲ್ಲ ಕಬ್ಬಿಣದ ಹಳಿ ಕಟ್ಟುತ್ತಿದ್ದವನು ಅವನೇ. "ಲಾರಿ ಕೆಲಸ ಬಂಡಿ ಕಮ್ಮಾರನಿಗೆ ಏನ್ ಗೊತ್ತಾದೀತು" ಎಂದರು ಇವರು. "ಮಿಲಿಟರಿ ಕೆಲಸ ನಿಮಗೇನ್ ಗೊತ್ತೈತಿ, ನೀವು ಹೊಂಟಿಲ್ಲೇನು" ಎಂದೆ. ತೆಗೆದಿಟ್ಟಿದ್ದ ಕಡೆಯ ಪೆಟ್ರೋಲ್ ಡಬ್ಬಿಯನ್ನು ಸುರಿದು, ಪೀಪಾಯಿ ಹೇರಿಕೊಂಡು ಲಾರಿಯನ್ನು ಕುರುಗೋಡಿಗೆ ತಂದೆವು. ಜೊತೆಗೆ ನಮ್ಮ ಕ್ಲೀನರ್, ಆದವಾನಿ ಕಡೆಯ ತೆಲುಗಿನವನು, ಇವರಿಗಿಂತ ವಯಸ್ಸಿನಲ್ಲಿ ದೊಡ್ಡವನು. ಲಾರಿ ನಡೆಸಲೂ ಬಲ್ಲವನು.

ಕುಲುಮೆಯ ಮುಂದೆ ಇಳಿದಾಗ ಕಂಡದ್ದನ್ನು ನಾನು ಎಂದಿಗೂ ಮರೆಯಲಾರೆ. ಮಾವ ಇಕ್ಕಳದಲ್ಲಿ ಕಾದ ನೇಗಿಲ ಕುಳ ಹಿಡಿದು ಅಡಿಗಲ್ಲಿನ ಮುಂದೆ ಕೂತಿದ್ದ. ಅವನ ಎದುರಿಗೆ, ಸೆರಗನ್ನು ಸೊಂಟಕ್ಕೆ ಬಿಗಿದು, ಎರಡು ಕೈಯಲ್ಲಿ ದೊಡ್ಡ ಸಮ್ಮಟಿಗೆ ಎತ್ತಿ ಹೊಡೆಯುತ್ತಿದ್ದವಳು ಅತ್ತೆ. ಹೆಂಗಸರು ತಿದಿ ಒತ್ತುವುದನ್ನು ನೋಡಿದ್ದೆ. ಸಮ್ಮಟಿಗೆ ಹೊಡೆಯುವುದನ್ನು ಕಂಡಿರಲಿಲ್ಲ. ಅದು ಅವರ ಮಗನ ಕೆಲಸವಾಗಿತ್ತು. ಒಬ್ಬನೇ ಮಗ. ಹಿಂದಿನ ವರ್ಷ ಭರ್ತಿಯಾಗಿ ಹೋದವನಿಂದ ಮೊದಲೆರಡು ಸಲ ಸುದ್ದಿ ಬಂತು, ಆಮೇಲೆ ನಿಂತುಹೋಯಿತು. ಕುಲುಮೆ ಆರಬಾರದಲ್ಲ. ಅತ್ತೆ ಸಮ್ಮಟಿಗೆ ಎತ್ತಿಕೊಂಡಳು. ಊರವರು ಒಂದಷ್ಟು ದಿನ ಆಡಿಕೊಂಡರು, ಆಮೇಲೆ ತಮ್ಮ ಕುಡುಗೋಲು ಕುಳ ಹಿಡಿದುಕೊಂಡು ಅವಳ ಮುಂದೆಯೇ ಬಂದು ಸಾಲಾಗಿ ಕೂತರು.

ಮಾವ ಲಾರಿಯ ಸುತ್ತ ತಿರುಗಿದ. ಬಗ್ಗಿ, ಕೆಳಗೆ ನುಸುಳಿ, ಚಾಸಿಯನ್ನು ಬೆರಳಿನಿಂದ ತಟ್ಟಿ ಅದರ ಸದ್ದು ಕೇಳಿದ. ಅಳೆಯಲು ಅವನ ಹತ್ತಿರ ಇದ್ದದ್ದು ಒಂದು ದಾರ, ಒಂದು ಜೋಳದ ದಂಟು. "ಮ್ಯಾಲೊಂದು ಬಳಿ, ಕೆಳಗೊಂದು ಬಳಿ. ಎರಡೂ ಬಳಿಯಿಂದ ಲಾರಿಗೆ ತೋಳು. ಅಷ್ಟ ಅಲ್ಲೇನು ಅಳಿಯಪ್ಪ?" ಎಂದ. ಬ್ರಾಕೆಟ್ಟು ಎಂಬ ಮಾತು ಅವನ ಬಾಯಿಗೆ ಬರಲೇ ಇಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿಯೂ ಅವು ಬಳೆ, ತೋಳು ಎಂದೇ ಆದವು.

ಇವರು ಯಾಕೆ ಅವಸರ ಮಾಡುತ್ತಿದ್ದಾರೆ ಎಂದು ಅತ್ತೆ ಕೇಳಿದಾಗ ನಾನೇ ಹೇಳಿಬಿಟ್ಟೆ. "ಸೋಮವಾರದೊಳಗ ಲಾರಿ ನಡೀಲಿಲ್ಲಂದ್ರ ಇವರು ಭರ್ತಿಗೆ ಹೋಗ್ತಾರಂತ ಅತ್ತಿ." ಅವಳು ನನ್ನ ಕಡೆ ನೋಡಲಿಲ್ಲ. ಮೂಲೆಯಲ್ಲಿ ಒರಗಿಸಿದ್ದ ಹಳೆಯ ಗಾಲಿ ಹಳಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಅತಿ ದಪ್ಪನೆಯದನ್ನು ಎಳೆದುಕೊಂಡು ಬಂದು ಮಾವನ ಮುಂದೆ ಹಾಕಿದಳು.

ಕಬ್ಬಿಣ ಕಾಯುವುದನ್ನು ದೂರದಿಂದ ನೋಡುವುದು ಬೇರೆ, ನಮ್ಮ ಬದುಕು ಅದರಲ್ಲಿ ಸಿಕ್ಕಿಕೊಂಡಿರುವಾಗ ಹತ್ತಿರ ನಿಂತು ನೋಡುವುದು ಬೇರೆ. ತಿದಿ ಒತ್ತಲು ನಾನೇ ಕೂತೆ. ಹಳಿ ಮೊದಲು ಕಪ್ಪಗೆ ಮುನಿಸಿಕೊಂಡಂತೆ ಇತ್ತು. ನಿಧಾನವಾಗಿ ಕೆಂಪಾಯಿತು, ಕಿತ್ತಳೆಯಾಯಿತು, ಕಡೆಗೆ ಬಿಳುಪಿಗೆ ತಿರುಗಿ ಸಣ್ಣ ಸಣ್ಣ ಕಿಡಿ ಸಿಡಿಸಿತು. ಆಗ ಮಾವ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಕಣ್ಣಲ್ಲೇ ಅತ್ತೆಗೆ ಹೇಳಿದ. ಮಾವನ ಕೈಸುತ್ತಿಗೆ ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಅವಳ ಸಮ್ಮಟಿಗೆ ಬೀಳುತ್ತಿತ್ತು. ಒಂದು ಕೂದಲೆಳೆ ಅತ್ತ ಇಲ್ಲ, ಇತ್ತ ಇಲ್ಲ. ಎರಡಾಗಿದ್ದ ಕಬ್ಬಿಣ ನನ್ನ ಕಣ್ಣ ಮುಂದೆ ಒಂದಾಯಿತು. ಎಲ್ಲಿ ಕೂಡಿತು ಎಂದು ಆಮೇಲೆ ಹುಡುಕಿದರೂ ಗೆರೆ ಕಾಣಲಿಲ್ಲ. ಅಷ್ಟು ಬಲ ಅತ್ತೆಯ ಆ ಮುಂಗೈಗಳಿಗೆ ಎಲ್ಲಿಂದ ಬಂತೋ ಶಿವನೇ ಬಲ್ಲ.

ಭಾನುವಾರ ಬೆಳಿಗ್ಗೆ ಬಳೆಗಳು ತಯಾರಾದವು. ಗಾಲಿಗೆ ಹಳಿ ಕಟ್ಟುವ ಹಾಗೆಯೇ ಮಾವ ಅವನ್ನು ಪೀಪಾಯಿಗೆ ಕಟ್ಟಿದ. ಬಳೆಯನ್ನು ಪೀಪಾಯಿಗಿಂತ ತುಸು ಚಿಕ್ಕದಾಗಿಯೇ ಮಾಡಿದ್ದ. ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕಿ ಕಾಯಿಸಿದ. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದ ಬಳೆಯನ್ನು ಇಕ್ಕಳದಲ್ಲಿ ಹಿಡಿದು ಪೀಪಾಯಿಗೆ ತೊಡಿಸಿ, ಕೊಡಗಟ್ಟಲೆ ನೀರು ಹೊಯ್ದರು. ಚುಸ್ಸೆಂದು ಹಬೆ ಎದ್ದು ಮಾವನ ಮುಖವೇ ಕಾಣದಂತಾಯಿತು. ಹಬೆ ಆರಿದಾಗ ಬಳೆ ತಗಡನ್ನು ಕಚ್ಚಿ ಹಿಡಿದಿತ್ತು. ಇವರು ಎರಡು ಕೈಯಿಂದ ಜಗ್ಗಿ ನೋಡಿದರು, ಅಲುಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಹಲ್ಲು ಕಂಡಿತು.

ತೋಳುಗಳನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದರು. ಇದ್ದಿಲು ತುಂಬಿದರು. ಕೆಳಗಿನ ಕಿಂಡಿಯಲ್ಲಿ ಎಣ್ಣೆ ಬಟ್ಟೆಯ ಉರಿ ಹಿಡಿದು, ಕ್ಲೀನರ್ ಕೈಪಂಖ ತಿರುಗಿಸುತ್ತಲೇ ಇದ್ದ. ಮೊದಲು ಹಳದಿ ಹೊಗೆ ಬಂತು, ಆಮೇಲೆ ತೆಳುವಾಯಿತು. ಕೊಳವೆಯ ಬಾಯಿಗೆ ಇವರು ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ಹತ್ತಿತು. ಹ್ಯಾಂಡಲ್ ತಿರುಗಿಸಿದರು. ಇಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಹೊತ್ತಿಕೊಂಡಿತು. ಜಾಲಿ ಮರದ ಕೊಂಬೆ ಸುಟ್ಟ ಕರಿ ಇದ್ದಿಲು, ನಾನು ಮುಸುರೆ ತಿಕ್ಕುವ ಇದ್ದಿಲು, ಇಷ್ಟು ದೊಡ್ಡ ಲಾರಿಯನ್ನು ನಡುಗಿಸುತ್ತಿದೆ. ನಾನು ಕೈ ಮುಗಿದೆ. ಯಾರಿಗೆ ಎಂದು ಕೇಳಿದರೆ ಗೊತ್ತಿಲ್ಲ.

ಊರು ದಾಟಿ ಬಂಡೆಗುಡ್ಡದ ಪಕ್ಕದ ಏರನ್ನು ಲಾರಿ ಹತ್ತಿತು. ನಾನು ಇವರ ಪಕ್ಕದಲ್ಲೇ ಕೂತಿದ್ದೆ. ಏರು ಮುಗಿಯುತ್ತಿದ್ದಂತೆ ಬಂದೂಕು ಹೊಡೆದ ಹಾಗೆ ಒಂದು ಸದ್ದಾಯಿತು. ಹಿಂದೆಯೇ ಇನ್ನೊಂದು. ಪೀಪಾಯಿ ವಾಲಿ, ಕೆಳಗಿನಿಂದ ಕೆಂಡ ರಸ್ತೆಗೆ ಸುರಿಯಿತು. ಕ್ಲೀನರ್ ಹಾರಿ ಇಳಿದು ಮಣ್ಣು ಎರಚಿದ. ಕೆಳಗಿನ ಬಳೆಯ ಎರಡೂ ತೋಳು ಬಾಗಿದ ಜಾಗದಲ್ಲಿಯೇ ಮುರಿದಿದ್ದವು. ಇವರು ಮುರಿದ ತುಂಡನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ನೋಡಿ, ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಎತ್ತು ಕಟ್ಟಿ ಲಾರಿಯನ್ನು ಕುಲುಮೆಗೆ ಎಳೆಸಿಕೊಂಡು ಬಂದೆವು. ಸೋಮವಾರದ ಭರ್ತಿಗೆ ಮುಟ್ಟಬೇಕೆಂದು ಮಧ್ಯಾಹ್ನವೇ ಇವರು ಚೀಲ ಹೆಗಲಿಗೆ ಹಾಕಿಕೊಂಡರು. ಬಳ್ಳಾರಿಗೆ ಹತ್ತಿ ಒಯ್ಯುವ ಬಂಡಿಯೊಂದು ಹೊರಟಿತ್ತು. ನಾನು ಅಡ್ಡ ನಿಂತೆ. "ಒಂದು ದಿನ ತಡೀರಿ. ಮಾವ ಮತ್ತ ಮಾಡ್ತಾನ" ಎಂದೆ. "ಮತ್ತ ಮುರೀತೈತಿ" ಎಂದರು. "ಮುರಿದ್ರ ಮುರೀಲಿ, ನಿಮಗ ನಾನು ಬ್ಯಾಡೇನು?" ಎಂದು ಕಿರುಚಿದೆ, ಓಣಿಯೆಲ್ಲ ಕೇಳುವ ಹಾಗೆ. "ಮಾತು ಅಂದ್ರ ಮಾತು" ಎಂದು ಹೇಳಿ ಅವರು ಬಂಡಿ ಹತ್ತಿದರು. ಅವರ ಕಣ್ಣಲ್ಲೂ ನೀರಿತ್ತು, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಆ ಸಿಟ್ಟನ್ನೆಲ್ಲ ತಂದು ಮಾವನ ಮೇಲೆ ಸುರಿದೆ. ಅವನು ಮುರಿದ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾ ಕಟ್ಟಿದ ಹಳಿ ಇವತ್ತಿನ ಮಟ ಸಡಲಿಲ್ಲ ಮಗಳ" ಎಂದಷ್ಟೇ ಹೇಳಿದ. ನಿಜ, ಬಳೆ ಸಡಿಲಾಗಿರಲಿಲ್ಲ. ಅತ್ತೆ ಪೀಪಾಯಿಯ ಮೇಲೆ ಕೈ ಆಡಿಸುತ್ತಿದ್ದಳು. ಬಳೆಯ ಮೇಲೂ ಕೆಳಗೂ ತಗಡು ಉಬ್ಬಿ, ಬಳೆ ಇದ್ದಲ್ಲಿ ಮಾತ್ರ ಸೊಂಟ ಹಿಡಿದಂತಾಗಿತ್ತು. ಅವಳು ನನ್ನನ್ನು ಕೇಳಿದಳು. "ನಿಮ್ಮ ಬಚ್ಚಲದಾಗ ಹಂಡಿ ಹೆಂಗ ಕೂಡಸ್ತೀರಬೇ?"

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಒಲೆಯ ಮೇಲೆ ತಾಮ್ರದ ಹಂಡೆ ಕೂಡಿಸಿ ಸುತ್ತ ಮಣ್ಣು ಮೆತ್ತುವಾಗ ಯಾವ ಹೆಂಗಸೂ ಹಂಡೆಗೆ ಒತ್ತಿ ಮೆತ್ತುವುದಿಲ್ಲ. ನಡುವೆ ಬೆರಳಷ್ಟು ಸಂದು ಬಿಟ್ಟು ಬೂದಿ ತುಂಬುತ್ತಾಳೆ. ಇಲ್ಲದಿದ್ದರೆ ಹಂಡೆ ಕಾದು ಹಿಗ್ಗಿ ಮೊದಲ ದಿನವೇ ಒಲೆ ಬಿರಿಯುತ್ತದೆ. "ಸಂದು ಬಿಡ್ತೀವಿ" ಎಂದೆ. ಅತ್ತೆ ಗಂಡನ ಕಡೆ ತಿರುಗಿದಳು. ಮಾವ ಹಣೆ ಬಡಿದುಕೊಂಡ. "ಗಾಲಿ ಹೊಟ್ಟ್ಯಾಗ ಬೆಂಕಿ ಇರಂಗಿಲ್ಲ. ಇದರ ಹೊಟ್ಟ್ಯಾಗ ಬೆಂಕಿ ಐತಿ. ನಲವತ್ತು ವರ್ಷ ಗಾಲಿ ಕಟ್ಟಿ ಕಟ್ಟಿ ನಾ ಇದನ್ನೂ ಗಾಲಿ ಅಂತ ತಿಳಕೊಂಡ್ನಲ್ಲ" ಎಂದ. ಬಂಡಿ ಗಾಲಿಗೆ ಬಿಗಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದೇ ಬಿಗಿ ಇಲ್ಲಿ ತೋಳು ಮುರಿದಿತ್ತು.

ಸೋಮವಾರ ಮೂಡಣ ಕೆಂಪಾಗುವ ಮೊದಲೇ ಕುಲುಮೆ ಹತ್ತಿತು. ಬಳೆಗಳನ್ನು ಉಳಿಯಲ್ಲಿ ಕಡಿದು ತಲಾ ಎರಡು ಹೋಳು ಮಾಡಿ, ಹಳಿಯ ತುಂಡು ಬೆಸೆದು ಉದ್ದ ಮಾಡಿದರು. ತುದಿಗಳನ್ನು ಕಿವಿಯಂತೆ ಮಡಿಚಿ ಬೋಲ್ಟಿಗೆ ತೂತು ಹೊಡೆದರು. ಈ ಸಲ ಪೀಪಾಯಿಗೂ ಬಳೆಗೂ ನಡುವೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಬಿಲ್ಲಿನಂತೆ ಬಗ್ಗಿಸಿದ ತೆಳು ಪಟ್ಟಿಗಳು. ಪೀಪಾಯಿ ಹಿಗ್ಗಿದಾಗ ಅವು ಚಪ್ಪಟೆಯಾಗಬೇಕು, ತಣ್ಣಗಾದಾಗ ಮತ್ತೆ ಎದ್ದು ನಿಲ್ಲಬೇಕು. ಹೊಸದಾಗಿ ಮಾಡಿದ ತೋಳಿನ ತೂತುಗಳನ್ನು ದುಂಡಗೆ ಬಿಡದೆ ಉದ್ದಕ್ಕೆ ಕೊರೆದರು, ಕಬ್ಬಿಣ ತುಸು ಸರಿದಾಡಲಿ ಎಂದು. ತೋಳಿಗೂ ಚಾಸಿಗೂ ನಡುವೆ ಹಳೆಯ ಟೈರಿನ ತುಂಡು. ಅವಸರದ ದಿನ ಆ ಇಬ್ಬರು ಅವಸರ ಮಾಡಲಿಲ್ಲ. ನಾನು ಹೊತ್ತು ಏರುವುದನ್ನು ನೋಡುತ್ತ ಒಳಗೇ ಬೇಯುತ್ತಿದ್ದೆ. ಅತ್ತೆಯ ಕೈಯಲ್ಲಿ ಬೊಬ್ಬೆ ಒಡೆದು ಹಿಡಿಯೆಲ್ಲ ಒದ್ದೆಯಾಗಿತ್ತು. ನಾನು ಬಟ್ಟೆ ಕಟ್ಟಲು ಹೋದರೆ, "ಆಮ್ಯಾಲ" ಎಂದಳು. ಅವಳ ಪೆಟ್ಟು ಒಂದೂ ತಪ್ಪಲಿಲ್ಲ.

ಹೊತ್ತು ಇಳಿಯತೊಡಗಿದಾಗ ಲಾರಿ ಮತ್ತೆ ಹೊತ್ತಿಕೊಂಡಿತು. ಕ್ಲೀನರ್ ಸ್ಟೇರಿಂಗ್ ಹಿಡಿದು, "ಪದಂಡಮ್ಮಾ, ಪೋದಾಂ" ಎಂದು ತನ್ನ ತೆಲುಗಿನಲ್ಲಿ ಹೊರಡಿಸಿದ. ಹೊರಡುವಾಗ ಅತ್ತೆ ತಾನೂ ಬರುತ್ತೇನೆ ಎಂದು ಹತ್ತಿ ಕೂತಳು. ಬಳೆ ನೋಡಿಕೊಳ್ಳಲು ಮಾವ ಹಿಂದೆ ಪೀಪಾಯಿಯ ಪಕ್ಕದಲ್ಲೇ ನಿಂತ. ಏರು ಬಂತು. ನಾನು ಕಣ್ಣು ಮುಚ್ಚಿ ಕಿವಿ ತೆರೆದು ಕೂತೆ. ಸದ್ದಾಗಲಿಲ್ಲ. ಏರು ದಾಟಿತು, ಇಳಿಜಾರು ದಾಟಿತು. ಹಿಂದಿನಿಂದ ಮಾವ, "ಪಟ್ಟಿ ಚಪ್ಪಟಿ ಆಗ್ಯಾವು, ತೋಳು ನಿಂತೈತಿ" ಎಂದು ಕೂಗಿದ. ಎರಡೂ ಕಡೆ ಜೋಳದ ಹೊಲ ಹಿಂದಕ್ಕೆ ಓಡುತ್ತಿತ್ತು. ಮನುಷ್ಯರು ಇಂಥದ್ದನ್ನೂ ಮಾಡಬಲ್ಲರಲ್ಲ ಎಂದುಕೊಂಡೆ.

ಬಳ್ಳಾರಿಯ ಗುಡ್ಡ ಕಂಡು, ಊರು ಬಳಸಿ, ದಂಡಿನ ಬಯಲಿಗೆ ಬಂದೆವು. ಅಲ್ಲಿ ಇಳಿಬಿಸಿಲಿನಲ್ಲಿ ಅಂಗಿ ಬಿಚ್ಚಿದ ಹುಡುಗರು ಸಾಲು ಸಾಲಾಗಿ ಕೂತಿದ್ದರು. ಎದೆ ಅಳೆಯುವವನೊಬ್ಬ, ಹೆಸರು ಬರೆಯುವವನೊಬ್ಬ. ಎಲ್ಲ ಬೆನ್ನುಗಳೂ ಒಂದೇ ಥರ ಕಂಡವು. ಆದರೂ ಬರೆಯುವವನ ಮೇಜಿನಿಂದ ನಾಲ್ಕಾರು ಜನರ ಹಿಂದೆ ಇದ್ದ ಒಂದು ಬೆನ್ನು ನನ್ನ ಮನೆಯವರದು ಎಂದು ಗುರುತು ಹತ್ತಿತು. ಗಂಡನ ಹೆಸರು ಹಿಡಿದು ಕೂಗುವುದು ನಮ್ಮಲ್ಲಿ ಇಲ್ಲ. ಬಾಯಿ ತೆರೆದೆ, ಏನೆಂದು ಕರೆಯಲಿ ತಿಳಿಯಲಿಲ್ಲ. ಕ್ಲೀನರನನ್ನು ಕೈಯಿಂದ ತಿವಿದೆ. ಅವನು ರಬ್ಬರ್ ಹಾರ್ನನ್ನು ಹಿಂಡಿ ಹಿಂಡಿ ಬಿಟ್ಟ.

ಸಾಲಿನವರೆಲ್ಲ ತಿರುಗಿದರು. ಇವರು ಮಾತ್ರ ತಿರುಗುವ ಮೊದಲೇ ಎದ್ದು ನಿಂತಿದ್ದರು. ಹಾರ್ನಿಗಿಂತ ಮೊದಲು ಇಂಜಿನ್ನಿನ ಸದ್ದು ಅವರಿಗೆ ಮುಟ್ಟಿತ್ತು. ಅಂಗಿಯನ್ನು ಕೈಯಲ್ಲೇ ಹಿಡಿದು ಬಂದರು. ನನ್ನ ಮುಖ ನೋಡಲಿಲ್ಲ, ನೇರವಾಗಿ ಲಾರಿಯ ಕೆಳಗೆ ಬಗ್ಗಿದರು. ಬಳೆ ನೋಡಿದರು, ಸಂದಿನಲ್ಲಿ ಪಟ್ಟಿ ನೋಡಿದರು, ಉದ್ದನೆಯ ತೂತು ನೋಡಿದರು. ತೋಳಿನ ಮೇಲೆ ಕೈ ಇಟ್ಟರು. ಬಿಸಿ ಇದ್ದರೂ ತೆಗೆಯಲಿಲ್ಲ. ಮೇಜಿನಿಂದ ಯಾರೋ ಇವರ ಸರದಿ ಎಂದು ಕರೆದರು. ಇವರು ಕೆಳಗಿನಿಂದಲೇ, "ಇಲ್ರಿ, ನನಗ ಲಾರಿ ಐತ್ರಿ" ಎಂದರು.

ಅಲ್ಲಿಯ ತನಕ ತಡೆದಿದ್ದ ಅಳು ನನಗೆ ಆಗ ಬಂತು. ನಡುರಸ್ತೆಯಲ್ಲಿ, ಮಿಲಿಟರಿಯವರ ಎದುರಿಗೆ, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಕುಲುಮೆಯ ಅತ್ತೆ ಪಕ್ಕದಲ್ಲಿ ಇರಲಿಲ್ಲ. ಅವಳು ಹುಡುಗರ ಸಾಲುಗಳ ಪಕ್ಕದಲ್ಲಿ ನಡೆದು ಹೋಗುತ್ತಿದ್ದಳು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳಿದಳು, ಒಬ್ಬೊಬ್ಬ ಹುಡುಗನ ಮುಖದ ಮುಂದೆಯೂ ಒಂದು ಗಳಿಗೆ ನಿಲ್ಲುತ್ತ. ಕೈಯ ಗಾಯಕ್ಕೆ ಇನ್ನೂ ಬಟ್ಟೆ ಕಟ್ಟಿರಲಿಲ್ಲ. ಅವಳನ್ನು ಯಾರೂ ತಡೆಯಲಿಲ್ಲ. ಕಡೆಯ ಸಾಲಿನ ಕೊನೆಯ ಹುಡುಗನನ್ನೂ ನೋಡಿದ ಮೇಲೆ ಅವಳು ತಿರುಗಿ ಬಂದು ಲಾರಿಗೆ ಒರಗಿ ನಿಂತಳು.

"ಒಬ್ಬಾಂವ ಹೋಗದ ನಿಂತ" ಎಂದಳು ಮಾವನಿಗೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಇವರನ್ನೆಲ್ಲಾ ನಿಂದ್ರಸಾಕ ಎಲ್ಲಿಂದ ತರಾಣ ಕಬ್ಬಿಣ?"

ಮಾವ ಹೆಗಲ ಮೇಲಿನ ವಲ್ಲಿ ಹರಿದು ಅವಳ ಕೈಗೆ ಕಟ್ಟತೊಡಗಿದ.